ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ಮಹಾರಾಜರ ನಂಬಿಕೆ

ಜೊತೆಯಲ್ಲಿ ದುಡಿಯುವವರ ನಡುವೆ ನಂಬಿಕೆ ಹೇಗೆ ಬೆಳೆಯುತ್ತದೆಂದು ತಿಳಿಯಬೇಕೇ? 1883ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಸರ್ ಮಿರ್ಜಾ ಇಸ್ಮಾಯಿಲ್‌ರವರ ಜೀವನವನ್ನು ನೋಡಿರಿ. ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿ. ಆದರೂ ದಿವಾನಗಿರಿ ಸುಮ್ಮನೆ ಬರಲಿಲ್ಲ. ಒಡೆಯರ ಕಾರ್ಯದರ್ಶಿಯಾಗಿ ದುಡಿದ ನಂತರವೇ, 1926ರಲ್ಲಿ ಮೈಸೂರಿನ ದಿವಾನರಾದರು.

1928ರ ಬೆಂಗಳೂರು ಗಲಭೆಯ ಸಮಯದಲ್ಲಿ ಅವರ ಮೇಲೆ ಪಕ್ಷಪಾತದ ಆರೋಪ ಬಂತು. ಸರ್ಕಾರ ಅದನ್ನು ಮುಚ್ಚಿಡದೆ ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ನೇಮಿಸಿತು. ಮಹಾರಾಜರು ದಿವಾನರ ಕೈಬಿಡಲೂ ಇಲ್ಲ. ವಿಚಾರಣೆಯೂ ನಡೆಯಿತು, ನಂಬಿಕೆಯೂ ಉಳಿಯಿತು. ನನಗೆ ಇದೇ ದೊಡ್ಡದು.

ಅವರಿಬ್ಬರ ಕಾಲದಲ್ಲೇ ನಮ್ಮ ಜಿಲ್ಲೆಯಲ್ಲಿ ಭದ್ರಾವತಿಯ ಕಾಗದ ಕಾರ್ಖಾನೆ (1936) ಸ್ಥಾಪನೆಯಾಯಿತು, 1939ರಲ್ಲಿ ಜೋಗದ ವಿದ್ಯುತ್ ಯೋಜನೆಯ ಕೆಲಸ ಆರಂಭವಾಯಿತು. 1940ರಲ್ಲಿ ಮಹಾರಾಜರು ನಿಧನರಾದರು. ಮರುವರ್ಷ ಮಿರ್ಜಾರವರು ಹುದ್ದೆ ಬಿಟ್ಟರು.