ಪೆಡಲಿಲ್ಲದ ಸೈಕಲ್ಲಿನ ಪಿತಾಮಹ ಕಾರ್ಲ್ ಡ್ರೈಸ್

ನರಸಾಪುರ: ಬೆಂಗಳೂರು–ಕೋಲಾರ ಹೆದ್ದಾರಿಯ ಮಗ್ಗುಲಲ್ಲಿರುವ ನರಸಾಪುರ ಇಂದು ದ್ವಿಚಕ್ರ ವಾಹನಗಳ ಊರು. ಇಲ್ಲಿನ ಕೈಗಾರಿಕಾ ಪ್ರದೇಶದಲ್ಲಿ 2013ರಲ್ಲಿ ಹೊಂಡಾ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಹಿಂದೆಲ್ಲ ಹಳ್ಳಿಯ ಹುಡುಗರು ಅಪ್ಪನ ದೊಡ್ಡ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ, ಮೊಣಕಾಲು ತರಚಿಕೊಂಡು ಸವಾರಿ ಕಲಿಯುತ್ತಿದ್ದರು. ಈಗ ಎರಡು ವರ್ಷದ ಕೂಸಿಗೂ ಸೈಕಲ್ ಕೊಡಿಸುವ ಕಾಲ. ಬ್ಯಾಲೆನ್ಸ್ ಬೈಕ್ ಎಂಬ ಹೆಸರಿನಲ್ಲಿ ಮಾರಾಟವಾಗುವ, ಪೆಡಲೂ ಚೈನೂ ಇಲ್ಲದ ಪುಟ್ಟ ಗಾಡಿಯನ್ನು ಕಂಡಾಗ ಇದೆಂಥ ಅರ್ಧಂಬರ್ಧ ಸೈಕಲ್ ಎಂದು ಪೋಷಕರಿಗೆ ಅನಿಸುವುದು ಸಹಜ. ಆದರೆ ಜಗತ್ತಿನ ಸೈಕಲ್‌ಗಳ ಮೂಲಪುರುಷನಿಗೇ ಪೆಡಲ್ ಇರಲಿಲ್ಲ. ಅದನ್ನು ರೂಪಿಸಿದ ಕಾರ್ಲ್ ಡ್ರೈಸ್‌ನ ಬದುಕು ಸಾಧನೆಗಿಂತ ಹೆಚ್ಚಾಗಿ ಅವಮಾನದ ಕಥೆ.

ಡ್ರೈಸ್ ಹುಟ್ಟಿದ್ದು 1785ರ ಏಪ್ರಿಲ್ 29ರಂದು, ಜರ್ಮನಿಯ ಬಾಡೆನ್ ಸಂಸ್ಥಾನದ ರಾಜಧಾನಿ ಕಾರ್ಲ್ಸ್‌ರೂಹೆಯಲ್ಲಿ. ಶ್ರೀಮಂತ ಮನೆತನ, ತಂದೆ ಸಂಸ್ಥಾನದ ಹಿರಿಯ ನ್ಯಾಯಾಧೀಶ. ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಗಣಿತ, ಭೌತಶಾಸ್ತ್ರ ಓದಿದ ಮಗನಿಗೆ ಅರಣ್ಯ ಇಲಾಖೆಯಲ್ಲಿ ಅಧಿಕಾರಿಯ ಹುದ್ದೆ ದೊರೆಯಿತು. ಆತನ ಮನಸ್ಸು ಮಾತ್ರ ಯಂತ್ರಗಳಲ್ಲಿತ್ತು. 1811ರಿಂದ ಸಂಬಳಸಹಿತ ರಜೆ ಪಡೆದು ಅದರಲ್ಲೇ ಮುಳುಗಿದ. 1813ರಲ್ಲಿ, ಒಳಗೆ ಕುಳಿತವರೇ ತುಳಿದು ಓಡಿಸುವ ನಾಲ್ಕು ಚಕ್ರದ ಗಾಡಿಯನ್ನು ನಿರ್ಮಿಸಿದ. ಮರುವರ್ಷ ಅದನ್ನು ವಿಯೆನ್ನಾ ಸಮ್ಮೇಳನಕ್ಕೂ ಒಯ್ದ. ಯಾರೂ ಕೈಹಿಡಿಯಲಿಲ್ಲ.

1815ರಲ್ಲಿ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸ್ಫೋಟಿಸಿತು. ಅದರ ಬೂದಿ ಮುಸುಕಿದ ಫಲವಾಗಿ 1816ರಲ್ಲಿ ಯೂರೋಪ್ ಬೇಸಿಗೆಯನ್ನೇ ಕಾಣಲಿಲ್ಲ. ಬೆಳೆ ಕೆಟ್ಟು ಮೇವಿನ ಬೆಲೆ ಏರಿತು, ಕುದುರೆ ಸಾಕುವುದು ದುಸ್ತರವಾಯಿತು. ಕುದುರೆ ಬೇಡದ ವಾಹನದ ಯೋಚನೆ ಡ್ರೈಸ್‌ಗೆ ಹೊಳೆದದ್ದು ಈ ಬರದಿಂದಲೇ ಎಂಬುದು ಕೆಲವು ಇತಿಹಾಸಕಾರರ ವಾದ, ಒಪ್ಪದವರೂ ಇದ್ದಾರೆ.

ಕಾರಣವೇನೇ ಇರಲಿ, 1817ರ ಜೂನ್ 12ರಂದು ಡ್ರೈಸ್ ಮಾನ್‌ಹೈಮ್ ನಗರದಿಂದ ವಿಚಿತ್ರ ಗಾಡಿಯೊಂದನ್ನೇರಿ ಹೊರಟ. ಒಂದರ ಹಿಂದೊಂದು ಎರಡೇ ಚಕ್ರ, ನಡುವೆ ಮರದ ತೊಲೆ, ಅದರ ಮೇಲೆ ಆಸನ. ಕುಳಿತವನು ಎರಡೂ ಪಾದಗಳಿಂದ ನೆಲವನ್ನು ಒಂದಾದ ಮೇಲೊಂದರಂತೆ ಒದೆಯುತ್ತ ಓಡುವುದು, ವೇಗ ಬಂದಾಗ ಕಾಲೆತ್ತಿ ತೇಲುವುದು. ಸುಮಾರು 7 ಕಿ.ಮೀ. ದೂರದ ತಂಗುದಾಣದವರೆಗೆ ಹೋಗಿ ಮರಳಲು ಆತನಿಗೆ ಒಂದು ಗಂಟೆಯೂ ಹಿಡಿಯಲಿಲ್ಲ. ನಡೆಯುವವನಿಗೆ ಮೂರು ತಾಸಿನ ಹಾದಿ ಅದು.

ಗಾಡಿಯ ತೂಕ ಸುಮಾರು 22 ಕೆ.ಜಿ. ಹಿಂದಿನ ಚಕ್ರಕ್ಕೆ ಹಗ್ಗ ಎಳೆದು ಹಿಡಿಯುವ ಬ್ರೇಕ್ ಇತ್ತು. ಆದರೆ ಗಾಡಿಯ ಜೀವಾಳವಿದ್ದದ್ದು ತಿರುಗಿಸಬಹುದಾದ ಮುಂದಿನ ಚಕ್ರದಲ್ಲಿ. ಗಾಡಿ ಯಾವ ಕಡೆಗೆ ವಾಲುತ್ತದೆಯೋ ಆ ಕಡೆಗೇ ಚಕ್ರ ತಿರುಗಿಸಿದರೆ ಬೀಳದೆ ಸಾಗಬಹುದು. ಸಮತೋಲನದ ಗುಟ್ಟು ಇಷ್ಟೇ. ತುಳಿದು ಓಡಿಸುವ ಗಾಡಿ ಮಾಡಿ ಅನುಭವವಿದ್ದ ಡ್ರೈಸ್ ಇಲ್ಲಿ ಕಾಲುಗಳನ್ನು ನೆಲಕ್ಕೇ ಬಿಟ್ಟಿದ್ದ. ಅಂದಿನ ಜನಕ್ಕೆ ನೆಲದಿಂದ ಕಾಲೆತ್ತುವುದೇ ಭಯದ ಸಂಗತಿಯಾಗಿತ್ತು.

ಇಂದಿನ ಮಗುವಿನ ಭಯವೂ ಅದೇ. ಆದ್ದರಿಂದ ಬ್ಯಾಲೆನ್ಸ್ ಬೈಕ್ ಕೊಳ್ಳುವಾಗ ಬಣ್ಣ ನೋಡುವ ಮೊದಲು ಆಸನದ ಎತ್ತರ ನೋಡಬೇಕು. ಮಗುವನ್ನು ಗೋಡೆಗೆ ಆನಿಸಿ ನಿಲ್ಲಿಸಿ, ತೊಡೆಸಂದಿನಿಂದ ನೆಲದವರೆಗೆ ಅಳೆದು, ಅದಕ್ಕಿಂತ ಎರಡು ಮೂರು ಸೆಂ.ಮೀ. ತಗ್ಗಿಗೆ ಆಸನ ಇಳಿಯುವಂತಿರಬೇಕು. ಪಾದ ಪೂರ್ತಿ ನೆಲಕ್ಕೂರಿ, ಮಂಡಿ ತುಸು ಬಾಗಬೇಕು. ಬೆಳೆಯುತ್ತಾನೆ ಎಂದು ಚಪ್ಪಲಿಯಂತೆ ದೊಡ್ಡ ಅಳತೆಯದನ್ನು ತಂದರೆ ಗಾಡಿ ಮೂಲೆ ಸೇರುತ್ತದೆ. ತೂಕ ಮಗುವಿನ ತೂಕದ ಮೂರನೇ ಒಂದು ಭಾಗ ಮೀರದಿರುವುದು ಒಳಿತು, 12 ಕೆ.ಜಿ. ಮಗುವಿಗೆ 4 ಕೆ.ಜಿ.ಯೊಳಗಿನ ಗಾಡಿ. ಫೋಮ್ ಚಕ್ರ ಹಗುರ, ಪಂಕ್ಚರಿನ ಕಾಟವಿಲ್ಲ. ಜಲ್ಲಿ, ಮರಳಿನ ಬೀದಿಗೆ ಗಾಳಿ ತುಂಬುವ ಟೈರೇ ಮೇಲು. ಮೂರು ವರ್ಷದೊಳಗಿನವರ ಬೆರಳಿಗೆ ಬ್ರೇಕ್ ಒತ್ತುವ ಬಲ ಸಾಲದು, ಅವರಿಗೆ ಕಾಲೇ ಬ್ರೇಕು. ಆದಕಾರಣ ಬೆರಳು ಮುಚ್ಚುವ ಶೂ, ತಲೆಗೆ ಹೆಲ್ಮೆಟ್ ಬೇಕೇ ಬೇಕು. ಹೆದ್ದಾರಿಯ ಸರ್ವಿಸ್ ರಸ್ತೆಯಂತೂ ಇದಕ್ಕೆ ಜಾಗವಲ್ಲ.

ಮಾನ್‌ಹೈಮ್‌ನಲ್ಲಿಯೂ ಜಾಗದ್ದೇ ಜಗಳ ಎದ್ದಿತು. ಕೆಸರಿನ ರಸ್ತೆ ಬಿಟ್ಟು ಸವಾರರು ಕಾಲುದಾರಿಗೆ ನುಗ್ಗತೊಡಗಿದಾಗ, ಅದೇ ವರ್ಷದ ಡಿಸೆಂಬರ್‌ನಲ್ಲಿ ಅಲ್ಲಿ ನಿಷೇಧ ಬಿತ್ತು. 1818ರ ಜನವರಿಯಲ್ಲಿ ಡ್ರೈಸ್‌ಗೆ ಬಾಡೆನ್‌ನ ಹಕ್ಕುಪತ್ರ ದೊರೆಯಿತು, ಯಂತ್ರಶಾಸ್ತ್ರದ ಪ್ರಾಧ್ಯಾಪಕನೆಂಬ ಬಿರುದೂ ಬಂತು. ಆದರೆ ಸಂಸ್ಥಾನದ ಗಡಿಯಾಚೆಗೆ ಆ ಪತ್ರಕ್ಕೆ ಬೆಲೆಯಿರಲಿಲ್ಲ. ಲಂಡನ್ನಿನ ಗಾಡಿ ತಯಾರಕ ಡೆನಿಸ್ ಜಾನ್ಸನ್ ಅದನ್ನೇ ತಿದ್ದಿ ತನ್ನ ಹೆಸರಿನಲ್ಲಿ ಪೇಟೆಂಟ್ ಪಡೆದ.

ಮುಂದಿನ ಪೆಟ್ಟು ರಾಜಕೀಯದಿಂದ ಬಂತು. 1819ರಲ್ಲಿ ಕಾರ್ಲ್ ಸಾಂಡ್ ಎಂಬ ವಿದ್ಯಾರ್ಥಿ ನಾಟಕಕಾರ ಕೊಟ್ಸೆಬೂನನ್ನು ಕೊಂದ. ಸಾಂಡ್‌ಗೆ ಕ್ಷಮಾದಾನ ನಿರಾಕರಿಸಿದವರಲ್ಲಿ ಡ್ರೈಸ್‌ನ ತಂದೆಯೂ ಒಬ್ಬರು. 1820ರಲ್ಲಿ ಮರಣದಂಡನೆ ಜಾರಿಯಾಯಿತು. ವಿದ್ಯಾರ್ಥಿಗಳ ಸಿಟ್ಟು ಮಗನ ಮೇಲೆ ತಿರುಗಿತು. 1822ರಲ್ಲಿ ಡ್ರೈಸ್ ಬ್ರೆಜಿಲ್‌ಗೆ ಹೊರಟು ಹೋದ. ಭೂಮಾಪನದ ಕೆಲಸ ಮಾಡಿಕೊಂಡು 1827ರವರೆಗೆ ಅಲ್ಲೇ ಇದ್ದ. ಮರಳಿದ ಮೇಲೂ ಬೆರಳಚ್ಚಿನಂಥ ಯಂತ್ರಗಳ ಪ್ರಯೋಗ ನಿಲ್ಲಿಸಲಿಲ್ಲ. ಊರಿನ ಗೇಲಿಯೂ ನಿಲ್ಲಲಿಲ್ಲ.

1849ರ ಬಾಡೆನ್ ಕ್ರಾಂತಿಯ ದಿನಗಳಲ್ಲಿ, 64ರ ವಯಸ್ಸಿನಲ್ಲಿ, ಆತ ತನ್ನ ಶ್ರೀಮಂತ ಪದವಿ ತೊರೆದು ಬರಿಯ ನಾಗರಿಕ ಕಾರ್ಲ್ ಡ್ರೈಸ್ ಆದ. ಪ್ರಷ್ಯಾದ ಸೇನೆ ಕ್ರಾಂತಿಯನ್ನು ಹತ್ತಿಕ್ಕಿದ ಮೇಲೆ ಅದರ ಬೆಲೆ ತೆರಬೇಕಾಯಿತು. ಹುಚ್ಚನೆಂದು ಸಾಬೀತುಮಾಡಿ ಕೂಡಿಹಾಕುವ ಯತ್ನ ನಡೆಯಿತು, ಪಿಂಚಣಿ ಮುಟ್ಟುಗೋಲಾಯಿತು. 1851ರ ಡಿಸೆಂಬರ್ 10ರಂದು ಹುಟ್ಟೂರಿನಲ್ಲೇ ಕಡುಬಡತನದಲ್ಲಿ ಡ್ರೈಸ್ ಕಣ್ಮುಚ್ಚಿದ. ಮುಂದೆ ಮೋಟಾರು ಕಾರಿಗೆ ಹೆಸರಾದ ಕಾರ್ಲ್ ಬೆಂಜ್ ಆಗ ಅದೇ ಊರಿನಲ್ಲಿ ಬೆಳೆಯುತ್ತಿದ್ದ ಏಳು ವರ್ಷದ ಹುಡುಗ.

ಪ್ಯಾರಿಸ್ಸಿನಲ್ಲಿ ಮುಂದಿನ ಚಕ್ರಕ್ಕೆ ಪೆಡಲ್ ಕೂಡಿದ ಸೈಕಲ್‌ಗಳು ಬಂದದ್ದು 1860ರ ದಶಕದಲ್ಲಿ, ಚೈನಿನ ರೋವರ್ ಸೈಕಲ್ 1885ರಲ್ಲಿ. ಬಳಿಕ ಮಕ್ಕಳ ಸೈಕಲ್ಲಿಗೆ ಪಕ್ಕದ ಎರಡು ಪುಟ್ಟ ಚಕ್ರಗಳು ಸೇರಿದವು. ಅವು ಮಗುವಿಗೆ ತುಳಿಯುವುದನ್ನು ಕಲಿಸಿದವು, ವಾಲಿದ ಕಡೆಗೆ ತಿರುಗಿಸುವುದನ್ನು ಕಲಿಸಲಿಲ್ಲ. 1990ರ ದಶಕದಲ್ಲಿ ಜರ್ಮನಿಯಲ್ಲೇ ಮರದ ಪೆಡಲಿಲ್ಲದ ಸೈಕಲ್‌ಗಳು ಮತ್ತೆ ಅಂಗಡಿಗೆ ಬಂದವು, ಈ ಬಾರಿ ಎರಡು ವರ್ಷದವರ ಅಳತೆಗೆ.