ರಾಗಿ ಬಿಸ್ಕತ್ ತಿಂದರೆ ಶುಗರ್ ಏರುವುದಿಲ್ಲವೇ? ರಾಗಿ ಲಕ್ಷ್ಮಣಯ್ಯನವರ ಬದುಕಿನ ಜತೆಗೆ ಉತ್ತರ

ರಾಗಿ ಬಿಸ್ಕತ್, ರಾಗಿ ರಸ್ಕ್ ಎಷ್ಟು ತಿಂದರೂ ಶುಗರ್ ಏರುವುದಿಲ್ಲ ಎನ್ನುವಂಥ ಮೆಸೇಜ್‌ಗಳು ಫ್ಯಾಮಿಲಿ ಗ್ರೂಪ್‌ಗಳಲ್ಲಿ ಓಡಾಡುತ್ತವೆ. ಗೋಕಾಕ ಸೀಮೆಯ ತುಕ್ಕಾನಟ್ಟಿಯಂಥ ಜೋಳದ ರೊಟ್ಟಿಯ ಊರುಗಳಿಗೂ ರಾಗಿ ಈಗ ಬೇಕರಿ ಪೊಟ್ಟಣದಲ್ಲಿ ಬರುತ್ತಿದೆ. ಇದು ನಿಜವೇ ಎಂದು ನೋಡುವ ಮೊದಲು, ರಾಗಿಗಾಗಿಯೇ ಬದುಕಿದ ಒಬ್ಬರನ್ನು ಪರಿಚಯಿಸುತ್ತೇವೆ.

ಲಕ್ಷ್ಮಣಯ್ಯನವರು 1921ರಲ್ಲಿ ಮೈಸೂರು ಸೀಮೆಯ ಹಾರೋಹಳ್ಳಿಯಲ್ಲಿ ಹುಟ್ಟಿದರು. ಕೃಷಿ ಇಲಾಖೆ ಸೇರಿ, ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ತಳಿಗಳ ಮೇಲೆ ದುಡಿದರು. ರಾಗಿಯ ಹೂವು ತೀರಾ ಸಣ್ಣದು, ತನ್ನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುತ್ತದೆ. ಹಾಗಾಗಿ ಎರಡು ತಳಿಗಳನ್ನು ಬೆರೆಸುವುದು ಬಹಳ ತಾಳ್ಮೆಯ ಕೆಲಸ. ಅವರು ಅದನ್ನೇ ಹಿಡಿದು ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ತಳಿಗಳನ್ನು ಕೊಟ್ಟರು. ಆಮೇಲೆ ರಾಗಿಯ ತವರಾದ ಆಫ್ರಿಕಾದ ತಳಿಗಳನ್ನು ನಮ್ಮ ನಾಟಿ ರಾಗಿಯೊಡನೆ ಬೆರೆಸಿದರು. ಇಂಡಿಯಾ ಮತ್ತು ಆಫ್ರಿಕಾ ಸೇರಿ 'ಇಂಡಾಫ್' ಎಂಬ ಹೆಸರಾಯಿತು. ಅದೇ ಹೊಲದಲ್ಲಿ ಹೆಚ್ಚು ರಾಗಿ ಬೆಳೆಯಿತು, ಬಡವರ ಊಟದ ತಟ್ಟೆ ತುಂಬಿತು. ಜನ ಅವರನ್ನು ರಾಗಿ ಬ್ರಹ್ಮ ಎಂದರು. 1993ರಲ್ಲಿ ಅವರು ತೀರಿಕೊಂಡರು.

ಅವರು ಬೆಳೆಸಿದ್ದು ಇಡೀ ಕಾಳು. ಶುಗರ್ ಇರುವವರಿಗೆ ಮುಖ್ಯವಾದ ಸಂಗತಿ ಇಲ್ಲೇ ಇದೆ. ರಾಗಿ ಕಾಳಿನ ಸಿಪ್ಪೆ ಒಳತಿರುಳಿಗೆ ಬಿಗಿಯಾಗಿ ಅಂಟಿರುವುದರಿಂದ ಸಾಮಾನ್ಯವಾಗಿ ಸಿಪ್ಪೆ ಸಮೇತವೇ ಬೀಸುತ್ತೇವೆ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಮೈದಾದಲ್ಲಿ 3 ಗ್ರಾಂ ಕೂಡ ಇಲ್ಲ. ನಾರು ಪಚನವನ್ನು ನಿಧಾನ ಮಾಡುತ್ತದೆ, ಸಕ್ಕರೆ ರಕ್ತಕ್ಕೆ ಒಮ್ಮೆಲೇ ನುಗ್ಗುವುದು ತಗ್ಗುತ್ತದೆ. ಆದರೂ ರಾಗಿಯಲ್ಲಿ ಪಿಷ್ಟ ಸಾಕಷ್ಟಿದೆ. ನುಣ್ಣಗೆ ಬೀಸಿ ಗಂಜಿ ಮಾಡಿ ಕುಡಿದರೆ ಶುಗರ್ ಬೇಗನೆ ಏರಬಹುದು. ಕ್ಯಾಲರಿಯೂ ಅಂಥ ಕಡಿಮೆಯೇನಲ್ಲ: 100 ಗ್ರಾಂ ರಾಗಿಗೆ ಸುಮಾರು 320, ಮೈದಾಕ್ಕೆ ಸುಮಾರು 350.

ಬಿಸ್ಕತ್ತಿನ ಲೆಕ್ಕವೇ ಬೇರೆ. ಹೆಸರು ರಾಗಿಯದಾದರೂ ಒಳಗೆ ಮೈದಾ, ಸಕ್ಕರೆ, ಎಣ್ಣೆ ಹೆಚ್ಚಿರಬಹುದು. ಎಣ್ಣೆ, ಸಕ್ಕರೆ ಸೇರಿದರೆ 100 ಗ್ರಾಂ ಬಿಸ್ಕತ್ತಿನ ಕ್ಯಾಲರಿ ಸಾಮಾನ್ಯವಾಗಿ 450 ದಾಟುತ್ತದೆ. ಪೊಟ್ಟಣದ ಹಿಂಬದಿ ಓದಿ. ಹೆಚ್ಚು ಪ್ರಮಾಣದಲ್ಲಿರುವ ಪದಾರ್ಥವನ್ನು ಮೊದಲು ಬರೆದಿರುತ್ತಾರೆ. ಮೊದಲ ಹೆಸರು ಮೈದಾ ಆಗಿದ್ದರೆ ಅದು ಮೈದಾ ಬಿಸ್ಕತ್ತೇ. ರಾಗಿ ಎಷ್ಟು ಶೇಕಡಾ, ಸಕ್ಕರೆ ಎಷ್ಟು, ನಾರು ಎಷ್ಟು ಎಂದೂ ನೋಡಿ.

ಹೀಗಾಗಿ ಆ ಮೆಸೇಜ್ ತಪ್ಪು. ನಾರು ಹೆಚ್ಚಿರುವ ಬಿಸ್ಕತ್ತು ಮೈದಾ ಬಿಸ್ಕತ್ತಿಗಿಂತ ವಾಸಿ ಇರಬಹುದು, ಆದರೆ ಅದು ಔಷಧಿ ಅಲ್ಲ. ಅದನ್ನು ನಂಬಿ ಮಾತ್ರೆ, ಇನ್ಸುಲಿನ್ ಬಿಟ್ಟರೆ ಪ್ರಾಣಕ್ಕೇ ಅಪಾಯ.

ತುಕ್ಕಾನಟ್ಟಿಯ ಓದುಗರಿಗೆ ಇನ್ನೊಂದು ಮಾತು. 100 ಗ್ರಾಂ ಜೋಳದಲ್ಲೂ ಸುಮಾರು 10 ಗ್ರಾಂ ನಾರಿದೆ. ಲೆಕ್ಕವಿಟ್ಟು ಜೋಳದ ರೊಟ್ಟಿ, ಜತೆಗೆ ಕಾಳುಪಲ್ಯ, ಸೊಪ್ಪು ತಿಂದರೆ ನಾರಿಗಾಗಿ ದುಬಾರಿ ಬಿಸ್ಕತ್ತು ಕೊಳ್ಳಬೇಕಿಲ್ಲ. ಆ ಮೆಸೇಜ್ ಮತ್ತೆ ಬಂದರೆ, ಫಾರ್ವರ್ಡ್ ಮಾಡುವ ಬದಲು ಇದನ್ನು ಕಳಿಸಿ.