ಮರಕ್ಕೆ ಜಾಗ ಬಿಟ್ಟು ಮನೆ ಕಟ್ಟಿದ ಲಾರಿ ಬೇಕರ್

ಲಾರಿ ಬೇಕರ್ ಅಂತ ಹೆಸರು ಹೇಳಿದರೆ ನಮ್ಮ ಹಾಸ್ಟೆಲ್ಲಿನಲ್ಲಿ ಅರ್ಧ ಜನ ಲಾರಿ ಓಡಿಸ್ತಿದ್ದವರಾ, ಬೇಕರಿ ಇಟ್ಟಿದ್ದವರಾ ಅಂತ ಕೇಳುತ್ತಾರೆ. ಎರಡೂ ಅಲ್ಲ. ಇಂಗ್ಲೆಂಡಿನಲ್ಲಿ ಹುಟ್ಟಿ, ತೊಂಬತ್ತು ವರ್ಷ ಬದುಕಿ, ಅದರಲ್ಲಿ ಅರವತ್ತಕ್ಕೂ ಹೆಚ್ಚು ವರ್ಷ ನಮ್ಮ ದೇಶದಲ್ಲೇ ಮನೆ ಕಟ್ಟಿಕೊಂಡಿದ್ದ ಆರ್ಕಿಟೆಕ್ಟ್. ಸಿವಿಲ್‌ನವರು ಹೆಸರು ಎಲ್ಲೋ ಕೇಳಿರುತ್ತೀರಿ. ಸಿಎಸ್, ಮೆಕ್ಯಾನಿಕಲ್‌ನವರೂ ಓದಿ, ಮುಂದೆ ಸಾಲ ಮಾಡಿ ಮನೆ ಕಟ್ಟಿಸುವವರು ನೀವೇ.

ಮರ ಉಳಿಸಿ ಅಂತ ಹೇಳುವವರು ಬಹಳ ಜನ ಇದ್ದಾರೆ. ವನಮಹೋತ್ಸವದ ದಿನ ನಾವೂ ಹೇಳುತ್ತೇವೆ. ಬೇಕರ್ ನಮಗೆ ಹಿಡಿಸಿದ್ದು ಬೇರೆ ಕಾರಣಕ್ಕೆ. ಅವರು ಮರ ಉಳಿಸಿದ್ದು ಲೆಕ್ಕ ಹಾಕಿ. ಖರ್ಚು ಕಡಿಮೆ ಮಾಡುವುದು, ನೆಲವನ್ನು ಅದರ ಪಾಡಿಗೆ ಬಿಡುವುದು, ಮರ ಕಡಿಯದೇ ಇರುವುದು, ಈ ಮೂರೂ ಅವರಿಗೆ ಒಂದೇ ಕೆಲಸ ಆಗಿತ್ತು.

ಹುಟ್ಟಿದ್ದು 1917ರ ಮಾರ್ಚ್ 2ರಂದು, ಬರ್ಮಿಂಗ್‌ಹ್ಯಾಮಿನಲ್ಲಿ. 1937ರಲ್ಲಿ ಅದೇ ಊರಲ್ಲಿ ಆರ್ಕಿಟೆಕ್ಚರ್ ಮುಗಿಸಿದರು. ಆಗ ವಯಸ್ಸು ಇಪ್ಪತ್ತು, ನಮಗಿಂತ ಒಂದೇ ವರ್ಷ ದೊಡ್ಡವರು. ಕ್ವೇಕರ್ ಅನ್ನುವ ಪಂಥಕ್ಕೆ ಸೇರಿದ್ದರು, ಆ ಪಂಥದವರು ಯುದ್ಧ ಮಾಡುವುದನ್ನು ಒಪ್ಪುವುದಿಲ್ಲ. ಹಾಗಾಗಿ ಎರಡನೇ ಮಹಾಯುದ್ಧ ಬಂದಾಗ ಬಂದೂಕು ಹಿಡಿಯದೆ ಫ್ರೆಂಡ್ಸ್ ಆಂಬುಲೆನ್ಸ್ ಯೂನಿಟ್ ಸೇರಿ ಚೀನಾಕ್ಕೆ ಹೋದರು. ಅಲ್ಲಿ ಗಾಯಾಳುಗಳನ್ನು, ಕುಷ್ಠರೋಗಿಗಳನ್ನು ನೋಡಿಕೊಂಡರು.

ವಾಪಸ್ ಹೋಗುವಾಗ ಹಡಗಿಗೆ ಕಾಯುತ್ತಾ ಬಾಂಬೆಯಲ್ಲಿ ಕೆಲವು ತಿಂಗಳು ಇರಬೇಕಾಯಿತು. ಆಗ ಗಾಂಧೀಜಿಯವರ ಭೇಟಿ ಆಯಿತು. ಬೇಕರ್ ಚಿಂದಿ ಬಟ್ಟೆಯಲ್ಲಿ ತಾವೇ ಮಾಡಿಕೊಂಡಿದ್ದ ಶೂ ಗಾಂಧೀಜಿ ಕಣ್ಣಿಗೆ ಬಿತ್ತಂತೆ, ಮಾತು ಶುರುವಾಗಿದ್ದೇ ಅದರಿಂದ. ಮನೆಗೆ ಬೇಕಾದ ಸಾಮಾನು ಮನೆಯಿಂದ ಐದು ಮೈಲಿ ಸುತ್ತಳತೆಯೊಳಗೇ ಸಿಗಬೇಕು ಅನ್ನುವ ಗಾಂಧೀಜಿಯ ವಿಚಾರ ಬೇಕರ್ ತಲೆಯಲ್ಲಿ ಗಟ್ಟಿಯಾಗಿ ಕೂತಿತು. ನಿಮ್ಮ ಮನೆಯ ಸಿಮೆಂಟು, ಸ್ಟೀಲು, ಟೈಲ್ಸು ಎಷ್ಟು ಕಿಲೋಮೀಟರ್ ಓಡಿ ಬಂದಿವೆ ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ.

1945ರಲ್ಲಿ ಭಾರತಕ್ಕೆ ವಾಪಸ್ ಬಂದರು, ಕುಷ್ಠರೋಗಿಗಳ ಆಸ್ಪತ್ರೆ ಕಟ್ಟುವ ಕೆಲಸಕ್ಕೆ. 1948ರಲ್ಲಿ ಡಾಕ್ಟರ್ ಎಲಿಜಬೆತ್ ಜೇಕಬ್ ಅವರನ್ನು ಮದುವೆಯಾದರು. ಹೊಸ ಜೋಡಿ ಹಿಮಾಲಯದ ಪಿಥೋರಗಢಕ್ಕೆ ತಿರುಗಾಡಲು ಹೋದರು. ಬೆಟ್ಟದ ಮೇಲೆ ಡಾಕ್ಟರ್ ಇದ್ದಾರೆ ಅಂತ ಗೊತ್ತಾಗಿ ಜನ ಬರತೊಡಗಿದರು. ಹನಿಮೂನಿಗೆ ಹೋದವರು ಹದಿನಾರು ವರ್ಷ ಅಲ್ಲೇ ಉಳಿದರು. ಹೆಂಡತಿ ಔಷಧಿ ಕೊಡುವುದು, ಗಂಡ ಆಸ್ಪತ್ರೆ ಕಟ್ಟುವುದು, ಜೊತೆಗೆ ಕಾಂಪೌಂಡರ್ ಕೆಲಸವೂ.

ಬೇಕರ್ ನಿಜವಾಗಿ ಓದಿದ್ದು ಅಲ್ಲೇ ಅಂತ ನಮಗನ್ನಿಸುತ್ತೆ. ಬರ್ಮಿಂಗ್‌ಹ್ಯಾಮಿನ ಸಿಲಬಸ್ಸಿನಲ್ಲಿ ಸಗಣಿ ಇರಲಿಲ್ಲ, ಗೆದ್ದಲು ಇರಲಿಲ್ಲ, ನಮ್ಮ ಮುಂಗಾರು ಇರಲಿಲ್ಲ. ಬೆಟ್ಟದ ಹಳ್ಳಿಯವರು ಇಳಿಜಾರಲ್ಲಿ ಎಲ್ಲಿ ಮನೆ ಇಡುತ್ತಾರೆ, ಯಾವ ದಿಕ್ಕಿಗೆ ಬಾಗಿಲು, ಚಳಿಗೆ ಏನು, ಭೂಕಂಪಕ್ಕೆ ಏನು, ಎಲ್ಲ ತಲೆತಲಾಂತರದಿಂದ ಕಂಡುಕೊಂಡಿದ್ದರು. ಡಿಗ್ರಿ ಇಟ್ಟುಕೊಂಡು ಅವರ ಮುಂದೆ ನಿಂತಾಗ ಬೇಕರ್ ಮಾಡಿದ ಜಾಣ ಕೆಲಸ ಅಂದರೆ ಸುಮ್ಮನೆ ನೋಡಿದ್ದು.

1963ರಲ್ಲಿ ಕೇರಳದ ವಾಗಮಣ್‌ಗೆ ಬಂದರು, ಆ ದಶಕ ಮುಗಿಯುವ ಹೊತ್ತಿಗೆ ತಿರುವನಂತಪುರಕ್ಕೆ. ದೊಡ್ಡ ಹೆಸರು ಬಂದಿದ್ದೆಲ್ಲ ಇಲ್ಲಿಂದ, ಅಂದರೆ ಐವತ್ತು ದಾಟಿದ ಮೇಲೆ. ಕ್ಯಾಂಪಸ್ ಸೆಲೆಕ್ಷನ್ ಆಗಿಲ್ಲ ಅಂತ ಕೂತಿರುವ ಸೀನಿಯರ್‌ಗಳು ಗಮನಿಸಿ.

ನಾಲಂಚಿರದಲ್ಲಿ ತಮಗಾಗಿ ಕಟ್ಟಿಕೊಂಡ ಮನೆ ಕಡಿದಾದ ಕಲ್ಲುಗುಡ್ಡದ ಮೇಲಿದೆ. ಹೆಸರು ‘ಹ್ಯಾಮ್ಲೆಟ್’, ಪುಟ್ಟ ಹಳ್ಳಿ ಅಂತ ಅರ್ಥ. ಬೇರೆಯವರಾದರೆ ಮೊದಲು ಗುಡ್ಡ ಸಮತಟ್ಟು ಮಾಡಿಸುತ್ತಿದ್ದರು. ಬೇಕರ್ ಬಂಡೆ ಇದ್ದ ಕಡೆ ಬಂಡೆಯನ್ನೇ ಇಟ್ಟುಕೊಂಡು, ಇಳಿಜಾರು ಹೋದ ಹಾಗೆ ಮನೆ ಇಳಿಸಿದರು. ಮನೆ ಒಂದೇ ಸಲ ಎದ್ದಿಲ್ಲ. ಚಿಕ್ಕದಾಗಿ ಶುರುವಾಗಿ, ಬೇಕಾದಾಗ ಒಂದೊಂದು ಕೋಣೆ ಸೇರಿಕೊಂಡು, ವರ್ಷಗಟ್ಟಲೆ ಬೆಳೆಯಿತು. ಹಳೆ ಕಟ್ಟಡ ಕೆಡವಿದ ಕಡೆಯಿಂದ ಬಂದ ಬಾಗಿಲು ಕಿಟಕಿಗಳೂ ಅಲ್ಲಿವೆ.

ಅವರ ಕೆಲಸ ಒಂದೇ ಕಡೆ ನೋಡಬೇಕು ಅಂದರೆ ಅದೇ ಊರಿನ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್. ಅರ್ಥಶಾಸ್ತ್ರಜ್ಞ ಕೆ. ಎನ್. ರಾಜ್ ಶುರುಮಾಡಿದ ಸಂಸ್ಥೆ, ಸುಮಾರು ಹತ್ತು ಎಕರೆ ಜಾಗ, ಪೂರ್ತಿ ಇಳಿಜಾರು. ಲೈಬ್ರರಿ ಗೋಪುರದ ಹಾಗೆ ಮೇಲೆದ್ದಿದೆ. ಉಳಿದ ಕಟ್ಟಡಗಳು ಕಾಂಟೂರ್ ಲೈನ್ ಹಿಡಿದು ಅಂಕುಡೊಂಕಾಗಿ ಹೋಗುತ್ತವೆ. ನಡುವೆ ಮರ ಬಂದರೆ ಗೋಡೆ ಬಾಗುತ್ತೆ, ಇಲ್ಲವೇ ಕಟ್ಟಡ ಒಡೆದು ಅಂಗಳ ಆಗುತ್ತೆ. ನಾವು ಸರ್ವೇ ಲ್ಯಾಬಿನಲ್ಲಿ ಬಿಸಿಲಲ್ಲಿ ನಿಂತು ಕಾಂಟೂರ್ ಎಳೆದು ರೆಕಾರ್ಡಿಗೆ ಸೈನ್ ಹಾಕಿಸಿಕೊಳ್ಳುತ್ತೇವೆ. ಆ ಗೆರೆ ಮೇಲೆ ಗೋಡೆಯನ್ನೇ ಕೂರಿಸಬಹುದು ಅಂತ ನಮಗೆ ಹೊಳೆದಿದ್ದು ಈ ಕ್ಯಾಂಪಸ್ಸಿನ ಫೋಟೋ ನೋಡಿದಾಗ.

ಬಾಗಿದ ಗೋಡೆ ಶೋಕಿ ಅಂತ ಅನ್ನಿಸಬಹುದು. ಲೆಕ್ಕ ನೋಡಿ. ನಲವತ್ತು ಅಡಿ ಉದ್ದದ ಗೋಡೆಯನ್ನು ಚೌಕ ಮಾಡಿದರೆ ಒಳಗೆ 100 ಚದರಡಿ ಸಿಗುತ್ತೆ. ಅದೇ ಉದ್ದವನ್ನು ವೃತ್ತ ಮಾಡಿದರೆ ಸುಮಾರು 127. ಅಷ್ಟೇ ಇಟ್ಟಿಗೆಗೆ ಕಾಲು ಭಾಗ ಜಾಗ ಜಾಸ್ತಿ. ಮೇಲಾಗಿ ಬಾಗಿದ ಗೋಡೆ ನೇರ ಗೋಡೆಗಿಂತ ಚೆನ್ನಾಗಿ ತನ್ನಷ್ಟಕ್ಕೆ ನಿಲ್ಲುತ್ತೆ. ಒಂದು ಹಾಳೆಯನ್ನು ಮೇಜಿನ ಮೇಲೆ ನಿಲ್ಲಿಸಿ, ಆಮೇಲೆ ಬಾಗಿಸಿ ನಿಲ್ಲಿಸಿ, ಗೊತ್ತಾಗುತ್ತೆ. ಮರದ ಸುತ್ತ ಗೋಡೆ ತಿರುಗಿಸಿದಾಗ ಬೇಕರ್‌ಗೆ ಆಗುತ್ತಿದ್ದ ನಷ್ಟ ಇಷ್ಟೇ.

ರ‍್ಯಾಟ್ ಟ್ರ್ಯಾಪ್ ಬಾಂಡ್ ಅಂತ ಇನ್ನೊಂದಿದೆ. ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಕಟ್ಟುವುದು. ಒಂಬತ್ತು ಇಂಚಿನ ಗೋಡೆಯೇ, ಆದರೆ ಹೊಟ್ಟೆಯೊಳಗೆ ಟೊಳ್ಳು. ಇಟ್ಟಿಗೆ ಸುಮಾರು ಕಾಲು ಭಾಗ ಉಳಿಯುತ್ತೆ, ಒಳಗಿನ ಗಾಳಿಯಿಂದ ಸೆಕೆಯೂ ಕಡಿಮೆ. ಫಿಲ್ಲರ್ ಸ್ಲ್ಯಾಬ್ ಇದಕ್ಕಿಂತ ಚೆಂದ. ಸ್ಲ್ಯಾಬು ಬಾಗಿದಾಗ ಮೇಲ್ಭಾಗಕ್ಕೆ ಕಂಪ್ರೆಷನ್, ಕೆಳಭಾಗಕ್ಕೆ ಟೆನ್ಷನ್. ಟೆನ್ಷನ್ ತಡೆಯೋದು ಸ್ಟೀಲು. ಅಲ್ಲಿರುವ ಕಾಂಕ್ರೀಟು ಹೆಚ್ಚಾಗಿ ಸ್ಟೀಲನ್ನು ಹಿಡಿದುಕೊಂಡು ಕೂತಿರುತ್ತೆ, ಅಷ್ಟೇ. ಹಾಗಾದರೆ ಸರಳುಗಳ ನಡುವೆ ಅಲ್ಲಿ ಹಳೆ ಮಂಗಳೂರು ಹೆಂಚು ತುಂಬಿದರಾಯಿತಲ್ಲ? ಬೇಕರ್ ಅದನ್ನೇ ಮಾಡಿದರು. ಸ್ಲ್ಯಾಬು ಹಗುರ, ಸಿಮೆಂಟು ಸ್ಟೀಲು ಎರಡೂ ಉಳಿತಾಯ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಮೊದಲ ಕಾರ್ಖಾನೆ ಹಾಕಿ ಸುಡಲು ಶುರುಮಾಡಿದ ಹೆಂಚು, ಮಲೆನಾಡಿನವರು ಮನೆ ಕೆಡವಿ ಗೂಡ್ಸ್ ಆಟೋಗೆ ತುಂಬಿ ಕಳಿಸುತ್ತಿರುವ ಹೆಂಚು, ಸ್ಟ್ರಕ್ಚರಲ್ ಡಿಸೈನ್ ಒಳಗೆ ಹೀಗೆ ಬಂದು ಕೂತಿತು.

ಮಲೆನಾಡು ಅಂತ ಬಂತಲ್ಲ, ನಮ್ಮೂರ ವಿಷಯ ಹೇಳಿಬಿಡುತ್ತೇವೆ. ನಮ್ಮದು ಆನವಟ್ಟಿ, ಸೊರಬ ತಾಲ್ಲೂಕು. ಪಕ್ಕದ ಕುಬಟೂರಿನ ಕೈಟಭೇಶ್ವರ ದೇವಸ್ಥಾನ ನೋಡಿದವರು ನಮ್ಮೂರನ್ನೂ ನೋಡಿರುತ್ತೀರಿ. ಅಲ್ಲಿ ಈಗ ಮನೆ ಕಟ್ಟುವುದು ಅಂದರೆ ಮೊದಲನೇ ದಿನ ಜೆಸಿಬಿ ಬರುತ್ತೆ. ಅದಕ್ಕೆ ಸೈಟ್ ಕ್ಲೀನ್ ಮಾಡಿಸೋದು ಅಂತಾರೆ. ಮಾವು, ಹಲಸು, ಹಿತ್ತಿಲ ನುಗ್ಗೆ, ಎಲ್ಲವೂ ಆ ‘ಕ್ಲೀನ್’ನಲ್ಲಿ ಹೋಗುತ್ತವೆ. ಮನೆ ಆದ ಮೇಲೆ ಗೇಟಿನ ಹತ್ತಿರ ಕುಂಡದಲ್ಲಿ ಒಂದು ಕ್ರೋಟನ್ ಗಿಡ.

ನಮ್ಮ ಹೆಂಚಿನ ಮನೆಯೂ ಈ ವರ್ಷ ಬಿಚ್ಚಬೇಕು, ತೊಲೆಗೆ ಗೆದ್ದಲು ಹಿಡಿದಿದೆ. ಹಿತ್ತಿಲಲ್ಲಿ ಅಜ್ಜ ಹಾಕಿದ ಹಲಸಿನ ಮರ ಇದೆ. ಅಜ್ಜಿ ವರ್ಷಾ ಹಪ್ಪಳ ಹಚ್ಚುವುದು ಅದರದ್ದೇ ಕಾಯಲ್ಲಿ. ಹೊಸ ಮನೆಯ ಪ್ಲಾನು ಬಂತು, ಆಟೋಕ್ಯಾಡಲ್ಲಿ ನೀಟಾಗಿ ಇದೆ, ವಾಸ್ತು ಪ್ರಕಾರವೂ ಇದೆ, ಆದರೆ ಮರ ಮಾತ್ರ ಇಲ್ಲ. ಹಾಳೆಯಲ್ಲಿ ಮರ ಇರುವ ಜಾಗ ಹಾಲ್‌ನ ಮೂಲೆ, ಟೀವಿ ಇಡೋದಕ್ಕೆ. ಮರ ಕಡಿಯಬೇಕು ಅಂತ ಯಾರೂ ತೀರ್ಮಾನ ಮಾಡಿಲ್ಲ. ಖಾಲಿ ಚೌಕದಿಂದ ಶುರುಮಾಡಿದ ಕಾರಣ ಅದು ತಾನಾಗಿಯೇ ಆಗಿಹೋಗಿದೆ.

ಬೇಕರ್ ಶುರುಮಾಡುತ್ತಿದ್ದದ್ದು ಇನ್ನೊಂದು ತುದಿಯಿಂದ. ಸೈಟಿಗೆ ಹೋಗಿ ನಿಲ್ಲುವುದು. ಮರ ಎಲ್ಲಿದೆ, ಬಂಡೆ ಎಲ್ಲಿದೆ, ನೀರು ಯಾವ ಕಡೆ ಹರಿಯುತ್ತೆ, ಗಾಳಿ ಎಲ್ಲಿಂದ, ಮನೆಯವರು ಎಷ್ಟು ಜನ, ಎಲ್ಲಿ ಕೂತು ಊಟ ಮಾಡುತ್ತಾರೆ. ಕೈಗೆ ಸಿಕ್ಕ ರದ್ದಿ ಕಾಗದದ ಹಿಂದೆ ಸ್ಕೆಚ್ಚು. ಆಮೇಲೆ ಗಾರೆಯವರ ಜೊತೆ ತಾವೇ ನಿಂತು ಕಟ್ಟಿಸುವುದು, ಕಟ್ಟುತ್ತಾ ಕಟ್ಟುತ್ತಾ ಬದಲಾಯಿಸುವುದು. ಆಫೀಸು, ಡ್ರಾಫ್ಟ್ಸ್‌ಮನ್, ಟೆಂಡರು ಅಂತ ಅವರ ಕೆಲಸ ನಡೆಯಲಿಲ್ಲ. ಹೀಗೆ ಮಾಡಿದರೆ ವರ್ಷಕ್ಕೆ ಸಾವಿರ ಮನೆ ಕಟ್ಟಲು ಆಗೋದಿಲ್ಲ ಅನ್ನುವ ಆಕ್ಷೇಪ ಇದೆ, ಅದರಲ್ಲಿ ಸತ್ಯವೂ ಇದೆ. ಒಬ್ಬರೇ ಎಷ್ಟು ಸೈಟಿನಲ್ಲಿ ನಿಲ್ಲಬಹುದು?

ಅದಕ್ಕೇ ಇರಬೇಕು, ಅವರು ತಮಗೆ ಗೊತ್ತಿದ್ದನ್ನೆಲ್ಲ ಚಿತ್ರ ಬರೆದು ಸಣ್ಣ ಸಣ್ಣ ಪುಸ್ತಕ ಮಾಡಿದರು. ಓದಲು ಬಾರದ ಮೇಸ್ತ್ರಿಗೂ ಚಿತ್ರ ನೋಡಿದರೆ ಅರ್ಥವಾಗಬೇಕು, ಹಾಗೆ. ಇಳಿಜಾರಲ್ಲಿ ಮನೆ ಎಲ್ಲಿಟ್ಟರೆ ಮಣ್ಣು ಕೆಲಸ ಕಡಿಮೆ, ಬಾಗಿಲಿಗೆ ಚೌಕಟ್ಟು ಇಲ್ಲದೆ ಆಗುತ್ತಾ, ಇಂಥವು. 1985ರಲ್ಲಿ ಕಾಸ್ಟ್‌ಫೋರ್ಡ್ ಅನ್ನುವ ಸಂಸ್ಥೆ ಹುಟ್ಟಿತು, ಅದರಲ್ಲಿ ಬೇಕರ್ ಮುಖ್ಯರು. ಅದೇ ಕಾಲಕ್ಕೆ ಕೊಲ್ಲಂನಲ್ಲಿ ಶುರುವಾದ ನಿರ್ಮಿತಿ ಕೇಂದ್ರವೂ ಕಡಿಮೆ ಖರ್ಚಿನ ಇದೇ ವಿಧಾನಗಳನ್ನು ಗಾರೆಯವರಿಗೆ ಕಲಿಸಿತು, ಆಮೇಲೆ ಅದು ದೇಶಕ್ಕೆಲ್ಲ ಹಬ್ಬಿತು. ನಮ್ಮ ಜಿಲ್ಲೆಗಳಲ್ಲಿ ಅಂಗನವಾಡಿ, ಶಾಲೆ ಕೊಠಡಿ ಕಟ್ಟುವ ನಿರ್ಮಿತಿ ಕೇಂದ್ರಗಳ ಬೋರ್ಡು ನೋಡಿದ್ದೀರಲ್ಲ, ಅದರ ಮೂಲ ಇದು.

1989ರಲ್ಲಿ ಭಾರತದ ಪೌರತ್ವ ಸಿಕ್ಕಿತು. 1990ರಲ್ಲಿ ಪದ್ಮಶ್ರೀ. 2007ರ ಏಪ್ರಿಲ್ 1ರಂದು ತಿರುವನಂತಪುರದಲ್ಲಿ ತೀರಿಕೊಂಡರು. ಅದೇ ವಾರ, ಏಪ್ರಿಲ್ 5ಕ್ಕೆ, ಇತ್ತ ಮೂಡಿಗೆರೆಯಲ್ಲಿ ತೇಜಸ್ವಿಯವರೂ ಹೋದರು.

ಈಗ ಬೇಕರ್ ಸ್ಟೈಲ್ ಅಂದರೆ ಪೇಟೆಯಲ್ಲಿ ಒಂದು ಫ್ಯಾಷನ್. ಗಾರೆ ಮಾಡದ ಕೆಂಪು ಇಟ್ಟಿಗೆ, ಜಾಲಿ ಗೋಡೆ, ಕೋಟಿಗಟ್ಟಲೆ ಖರ್ಚು. ಸೈಟಿನ ಮರ ಕಡಿದು ಬೇಕರ್ ಮನೆ ಕಟ್ಟಿಸಿದವರೂ ಇರಬಹುದು. ಅವರ ಡಿಸೈನನ್ನು ಹಾಗೇ ಎತ್ತಿ ತರಬಾರದು ಅಂತ ನಮ್ಮ ಅಭಿಪ್ರಾಯ. ನಮ್ಮ ಕಡೆಯ ಮಳೆಗೆ ಬರಿ ಇಟ್ಟಿಗೆ ಗೋಡೆ ನೆನೆಯುತ್ತೆ, ಸೂರು ಉದ್ದ ಇಳಿಸಬೇಕು. ಐದು ಮೈಲಿ ಲೆಕ್ಕ ಹಿಡಿದರೆ ನಮ್ಮ ತಾಲ್ಲೂಕಿನಲ್ಲಿ ಇಟ್ಟಿಗೆಗಿಂತ ಮೊದಲು ಜಂಬಿಟ್ಟಿಗೆಯನ್ನೇ ವಿಚಾರಿಸಬೇಕು.

ಹಬ್ಬಕ್ಕೆ ಊರಿಗೆ ಹೋದಾಗ ಟೇಪು ಹಿಡಿದು ಮರದ ಸುತ್ತಳತೆ, ಕೊಂಬೆಯ ಹರವು, ನೆಲದ ಇಳಿಜಾರು ಅಳೆದೆವು. ಮರ ಪಶ್ಚಿಮಕ್ಕಿದೆ, ಮಧ್ಯಾಹ್ನದ ಬಿಸಿಲು ತಡೆಯುತ್ತೆ. ಅಡುಗೆಮನೆ ಉತ್ತರಕ್ಕೆ ಸರಿಸಿ, ಹಾಲ್‌ನ ಆ ಮೂಲೆಯನ್ನು ಒಳಕ್ಕೆ ತಗೊಂಡರೆ ಮರಕ್ಕೆ ಒಂಬತ್ತು ಅಡಿ ಸಿಗುತ್ತೆ. ಆ ಬದಿಗೆ ಉದ್ದಕ್ಕೂ ಪಾಯ ತೋಡಿದರೆ ಬೇರು ಹೋಗುತ್ತೆ, ಅದಕ್ಕೆ ಅಲ್ಲಿ ಮಾತ್ರ ಕಂಬ ಇಳಿಸಿ ಬೇರಿನ ಮೇಲಿಂದ ಬೀಮು ಹಾಯಿಸಬೇಕು. ಅಪ್ಪ ಕೇಳಿದ್ದು ಎರಡೇ ಪ್ರಶ್ನೆ. ಹಣ್ಣು ಹೆಂಚಿನ ಮೇಲೆ ಬಿದ್ದರೆ? ಹಲಸು ಕಾಯಿ ಬಿಡೋದು ಬೊಡ್ಡೆಗೆ, ದಪ್ಪ ಕೊಂಬೆಗೆ. ಸೂರಿನ ಮೇಲೆ ಚಾಚಿರುವುದು ಸಣ್ಣ ರೆಂಬೆ. ಬೇರು ಪಾಯ ಎತ್ತಿದರೆ? ಇದಕ್ಕೆ ನಮ್ಮ ಉತ್ತರ ಅಪ್ಪನಿಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಮೇಸ್ತ್ರಿಯವರನ್ನು ಕರೆದು ಮರದ ಬುಡದಲ್ಲಿ ಒಂದು ಗುಂಡಿ ತೆಗೆಸಿ ನೋಡೋಣ ಅಂದಿದ್ದಾರೆ, ಬೇರು ಎಷ್ಟು ಆಳದಲ್ಲಿ, ಯಾವ ಕಡೆ ಓಡಿದೆ ಅಂತ. ಅಲ್ಲಿವರೆಗೆ ಜೆಸಿಬಿಗೆ ಹೇಳಬೇಡಿ ಅಂತ ಅಜ್ಜಿ ಹೇಳಿಯಾಗಿದೆ.